ಹಿಮದೂರಿನಲ್ಲಿ ಹಿಂಗಾಲಿನ ಕುದುರೆ

ಬಫಲೋ ಎಂದೊಡನೆ ನಮ್ಮವರಿಗೆ ನೆನಪಾಗುವುದು ನಯಾಗರ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ನಮ್ಮ ಸಂಘದ ಹಿರಿಯರಲ್ಲಿ ಹೆಚ್ಚಿನವರು ಆ ಜಲಪಾತದ ಬುಡದಲ್ಲಿ ನೀಲಿ ಮಳೆಯಂಗಿ ತೊಟ್ಟು, ದೋಣಿಯ ಕಟಾಂಜನ ಹಿಡಿದು ನಿಂತು ಭಾವಚಿತ್ರ ತೆಗೆಸಿಕೊಂಡವರೇ. ಅಲ್ಲಿಂದ ಅರ್ಧ ಗಂಟೆಯ ದಾರಿಯಲ್ಲಿರುವ ಬಫಲೋ ನಗರ ಅವರಿಗೆ ರಾತ್ರಿ ತಂಗುವ ಊರು, ಅಷ್ಟೆ. ಅವರು ಹೋಗುವುದೂ ಬೇಸಗೆಯಲ್ಲಿ. ನಾನು ಹೋದದ್ದು ಕಳೆದ ಜನವರಿಯಲ್ಲಿ. ಐದು ವಾರ ಇದ್ದು ಬಂದೆ. ನಯಾಗರವನ್ನು ನೋಡಲಿಲ್ಲವೆಂದಲ್ಲ. ಅಂಚೆಲ್ಲ ಹೆಪ್ಪುಗಟ್ಟಿ ನಡುವೆ ಧುಮುಕುತ್ತಿದ್ದ ಆ ನೀರಿನ ವರ್ಣನೆಯನ್ನು ಬೇರೆ ಯಾರಾದರೂ ಬರೆಯಲಿ. ನಾನು ಬರೆಯಹೊರಟಿರುವುದು ಒಂದು ಮೋಟಾರು ಗಾಡಿಯ ವಿಷಯ.

ಹೋಗಲು ಕಾರಣ ನನ್ನ ಅಕ್ಕ. ಅವಳಿರುವುದು ಕುಮಟೆಯಲ್ಲಿ. ಅವಳ ಮಗ, ಎಂದರೆ ನನ್ನ ಸೋದರಳಿಯ, ಹೆಂಡತಿ ಮಗಳೊಡನೆ ಬಫಲೋದ ದಕ್ಷಿಣಕ್ಕಿರುವ ಹ್ಯಾಂಬರ್ಗ್ ಎಂಬ ಉಪನಗರದಲ್ಲಿ ನೆಲಸಿದ್ದಾನೆ. ಅವನು ಕಳಿಸಿದ ಚಿತ್ರವೊಂದರಲ್ಲಿ ಕೆಂಪು ಕಾರೊಂದು ಕಿಟಕಿಯವರೆಗೆ ಹಿಮದಲ್ಲಿ ಹೂತು ನಿಂತಿತ್ತು. ಪಕ್ಕದ ಮನೆಯ ಬುದ್ಧಿವಂತ ಹುಡುಗನೊಬ್ಬ ಅದನ್ನು ನೋಡಿ, "ಅಜ್ಜಿ, ಇದು ರೇಸಿನ ಜಾತಿಯ ಕಾರು. ಹಿಂದಿನ ಗಾಲಿಯಿಂದ ಓಡೋದು. ಹಿಮದಲ್ಲಿ ಬುಗುರಿಯ ಹಾಗೆ ತಿರುಗಿಬಿಡ್ತದೆ" ಎಂದು ಹೇಳಿಬಿಟ್ಟ. ಅಂದಿನಿಂದ ಅಕ್ಕನಿಗೆ ನಿದ್ದೆಯಿಲ್ಲ. ಪ್ರತಿ ಭಾನುವಾರದ ಫೋನಿನಲ್ಲೂ ಒಂದೇ ಮಾತು: ಆ ಕಾರು ಮಾರು. ಮಗ ನಗುತ್ತಾನೆ, ವಿಷಯ ಬದಲಾಯಿಸುತ್ತಾನೆ. ಕೊನೆಗೆ ನನ್ನನ್ನು ಹಿಡಿದಳು. "ನೀ ಹೋಗಿ ಕಣ್ಣಾರೆ ನೋಡ್ಕೊಂಡು ಬಾ ತಮ್ಮಾ. ಸರಿ ಕಾಣದಿದ್ರೆ ಮಾರಿಸಿಯೇ ಬಾ." ನನ್ನನ್ನೇ ಆರಿಸಿದ್ದಕ್ಕೆ ಅರ್ಥವಿದೆ. ಮುಂಬಯಿಯಲ್ಲಿ ಮೂವತ್ತೊಂದು ವರ್ಷ ನಾನು ಮಾಡಿದ್ದು ವಿಮೆಯ ಕೆಲಸ; ಅಪಘಾತಕ್ಕೆ ಸಿಕ್ಕಿದ ಗಾಡಿಗಳನ್ನು ನೋಡಿ ನಷ್ಟ ಎಷ್ಟೆಂದು ಲೆಕ್ಕ ಹಾಕುವುದು. ಜಜ್ಜಿದ ತಗಡನ್ನು ನೋಡಿ ಚಾಲಕನ ಸ್ವಭಾವವನ್ನು ಹೇಳುವ ಅಭ್ಯಾಸ ಇನ್ನೂ ಬಿಟ್ಟಿಲ್ಲ.

ಕಾರಿನ ಹೆಸರು ಮಸ್ಟಾಂಗ್. ಫೋರ್ಡ್ ಕಂಪನಿಯವರು ಅದನ್ನು ಮೊದಲು ಜನರ ಮುಂದಿಟ್ಟದ್ದು ೧೯೬೪ರ ಏಪ್ರಿಲ್‌ನಲ್ಲಿ, ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ. ಮಸ್ಟಾಂಗ್ ಎಂದರೆ ಅಲ್ಲಿಯ ಬಯಲುಗಳಲ್ಲಿ ಕಡಿವಾಣವಿಲ್ಲದೆ ತಿರುಗುವ ಕುದುರೆ. ಕಾರಿನ ಮೂತಿಯ ಮೇಲೂ ನಾಗಾಲೋಟದ ಕುದುರೆಯ ಮುದ್ರೆಯಿದೆ. ಎಮ್ಮೆಯ ಹೆಸರಿನ ಊರಿನಲ್ಲಿ ಕುದುರೆಯ ಹೆಸರಿನ ಕಾರು! ಅಳಿಯನದು ೨೦೧೬ರ ಮಾದರಿ. ಎಂಟು ಸಿಲಿಂಡರು, ಐದು ಲೀಟರಿನ ಎಂಜಿನು, ೪೩೫ ಅಶ್ವಶಕ್ತಿ, ಕೈಯಿಂದ ಹಾಕುವ ಆರು ಗೇರು. ನಮ್ಮ ಪ್ರೀಮಿಯರ್ ಪದ್ಮಿನಿಗೆ ಇದ್ದದ್ದು ನಲವತ್ತರ ಆಸುಪಾಸಿನ ಅಶ್ವಶಕ್ತಿ ಎಂಬುದನ್ನು ನೆನೆದರೆ ಈ ಅಂಕೆಯ ಅರ್ಥವಾದೀತು.

ಪದ್ಮಿನಿಯ ಮಾತು ಸುಮ್ಮನೆ ಬಂದುದಲ್ಲ. ಹಿಂದಿನ ಗಾಲಿಯ ಕಾರೆಂದರೆ ಏನೋ ವಿಚಿತ್ರವೆಂದು ಅಕ್ಕ ಹೆದರಿದಳು. ಆದರೆ ಮುಂಬಯಿಯಲ್ಲಿ ನಾವೆಲ್ಲ ಬದುಕಿದ್ದೇ ಅಂಥ ಗಾಡಿಯಲ್ಲಿ. ಕಪ್ಪು ಹಳದಿ ಬಣ್ಣದ ಪದ್ಮಿನಿ ಟ್ಯಾಕ್ಸಿಗೂ ಹಿಂಗಾಲಿಯೇ ಚಾಲಕ ಗಾಲಿ, ಅಂಬಾಸಡರಿಗೂ ಅದೇ. ೧೯೮೩ರ ಕೊನೆಗೆ ಮಾರುತಿ ಬಂದ ಮೇಲೆಯೇ ಮುಂಗಾಲಿಯ ಕಾರು ನಮ್ಮ ಮನೆಮನೆಯ ಮಾತಾದದ್ದು. ಆ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದಾಗಿ ನೋಂದಣಿಯಾಗಿದ್ದ ಗಾಡಿಯ ಅವಧಿಯೂ ೨೦೨೩ರ ಅಕ್ಟೋಬರ್ ಕೊನೆಗೆ ಮುಗಿಯಿತು.

ವ್ಯತ್ಯಾಸ ಇಷ್ಟೆ. ಮುಂಗಾಲಿಯ ಕಾರು ಎತ್ತಿನ ಬಂಡಿಯಂತೆ, ಮುಂದಿನಿಂದ ಎಳೆಯುವುದು. ಹಿಂಗಾಲಿಯ ಕಾರು ಕ್ರಾಫರ್ಡ್ ಮಾರುಕಟ್ಟೆಯ ಕೈಗಾಡಿಯಂತೆ, ಹಿಂದಿನಿಂದ ನೂಕುವುದು. ಒಣ ರಸ್ತೆಯಲ್ಲಿ ನೂಕುವ ಕಾರಿಗೆ ಲಾಭವುಂಟು: ವೇಗ ಹೆಚ್ಚಿಸಿದಾಗ ಗಾಡಿಯ ಭಾರ ಹಿಂದಕ್ಕೆ ವಾಲಿ, ನೂಕುವ ಗಾಲಿಗಳನ್ನು ನೆಲಕ್ಕೆ ಒತ್ತುತ್ತದೆ. ಹಿಮದ ಮೇಲೆ ಅಷ್ಟು ವೇಗ ಹೆಚ್ಚಿಸುವಂತೆಯೇ ಇಲ್ಲ. ಆದುದರಿಂದ ಆ ಲಾಭವೂ ಇಲ್ಲ. ಎಂಜಿನಿನ ಭಾರವೆಲ್ಲ ಮುಂದೆ, ಕೆಲಸವೆಲ್ಲ ಹಿಂದೆ. ಅತಿಯಾಗಿ ಒತ್ತಿದರೆ ಹಿಂಗಾಲಿ ಸುಮ್ಮನೆ ಸುತ್ತುತ್ತದೆ. ತಿರುವಿನಲ್ಲಾದರೆ ಬಾಲವೇ ಮುಂದಕ್ಕೆ ಬರಲು ಹವಣಿಸುತ್ತದೆ. ಪಕ್ಕದ ಮನೆಯ ಹುಡುಗ ಹೇಳಿದ ಬುಗುರಿ ಇದೇ. ಹುಡುಗ ಸುಳ್ಳು ಹೇಳಿರಲಿಲ್ಲ.

ಇನ್ನು ಹಿಮದ ವಿಷಯ. ಬಫಲೋದ ಹಿಮ ಸರೋವರದ ಹಿಮ. ಈರಿ ಸರೋವರ ಉದ್ದಕ್ಕೆ ಸುಮಾರು ೨೪೦ ಮೈಲಿ ಹಬ್ಬಿದೆ. ಅದರ ಪೂರ್ವದ ತುದಿಯಲ್ಲಿ ಊರು. ಶರತ್ಕಾಲ ಕಳೆದರೂ ನೀರಿನಲ್ಲಿ ಬೇಸಗೆಯ ಬಿಸಿ ಉಳಿದಿರುತ್ತದೆ. ಅದರ ಮೇಲೆ ಒಣ ಚಳಿಗಾಳಿ ಉದ್ದಕ್ಕೂ ಬೀಸಿ, ನೀರಾವಿಯನ್ನು ಹೊತ್ತು, ದಡಕ್ಕೆ ಬಂದೊಡನೆ ಹಿಮವಾಗಿ ಸುರಿದುಬಿಡುತ್ತದೆ. ಅರಬ್ಬಿ ಸಮುದ್ರದ ಗಾಳಿ ಸಹ್ಯಾದ್ರಿಗೆ ಬಡಿದು ಆಗುಂಬೆಯಲ್ಲಿ ಮಳೆಯಾಗಿ ಇಳಿಯುವುದಿಲ್ಲವೆ, ಅದರ ದೂರದ ನೆಂಟನಿದು. ವರ್ಷಕ್ಕೆ ಸರಾಸರಿ ೯೫ ಅಂಗುಲದಷ್ಟು ಬೀಳುತ್ತದೆ. ಆದರೆ ಎಲ್ಲ ಕಡೆ ಸಮನಾಗಿ ಅಲ್ಲ. ಪಟ್ಟಿ ಎಳೆದಂತೆ ಒಂದು ಕಡೆ ಗೋಡೆ, ಇನ್ನೊಂದು ಕಡೆ ಬಿಸಿಲು. ೨೦೧೪ರ ನವೆಂಬರ್‌ನಲ್ಲಿ ಊರಿನ ದಕ್ಷಿಣಕ್ಕೆ ಐದಡಿಗೂ ಹೆಚ್ಚು ಬಿದ್ದಾಗ ಉತ್ತರದ ಕೆಲವು ಬಡಾವಣೆಗಳಲ್ಲಿ ಬಿದ್ದದ್ದು ಕೆಲವೇ ಅಂಗುಲ. ದಾದರಿನಲ್ಲಿ ಕೊಡೆ, ಅಂಧೇರಿಯಲ್ಲಿ ಬಿಸಿಲು ಎಂಬುದನ್ನು ಕಂಡ ನಮಗೆ ಇದು ತಿಳಿಯುತ್ತದೆ. ಆದರೆ ಇಲ್ಲಿ ಕೊಡೆಯಿಂದ ಕೆಲಸವಾಗದು.

ಅಳಿಯನ ಮನೆ ದಕ್ಷಿಣದಲ್ಲಿ, ಕಚೇರಿ ಉತ್ತರದ ಆಮ್ಹರ್ಸ್ಟ್‌ನಲ್ಲಿ. ದಿನವೂ ಈ ಗೋಡೆಯನ್ನು ದಾಟಿಯೇ ಅವನ ಉದ್ಯೋಗ. ಅಲ್ಲಿ ಇಂಥ ಕಾರುಳ್ಳವರು ನವೆಂಬರ್ ಬಂದೊಡನೆ ಅದಕ್ಕೆ ಮುಸುಕು ಹಾಕಿ ನಿಲ್ಲಿಸಿ, ಚಳಿಗಾಲಕ್ಕೆಂದು ಒಂದು ಡಕೋಟ ಗಾಡಿ ಕೊಳ್ಳುವುದುಂಟು. ಇವನು ೨೦೧೮ರಲ್ಲಿ ಕೈಬದಲಾದ ಈ ಕಾರು ಕೊಂಡಂದಿನಿಂದ ಒಂದು ಚಳಿಗಾಲವನ್ನೂ ಬಿಟ್ಟಿಲ್ಲ. ಕೇಳಿದರೆ, "ಕುದುರೆಯನ್ನು ಕಟ್ಟಿಹಾಕಿ ಕತ್ತೆಗೆ ಹುಲ್ಲು ಹಾಕುವುದೆ ಮಾವಾ?" ಎನ್ನುತ್ತಾನೆ. ಉತ್ತರ ಚೆನ್ನಾಗಿದೆ, ಆದರೆ ಪೂರ್ತಿಯಲ್ಲ. ಹೆಂಡತಿಗೆ ನಾಲ್ಕೂ ಗಾಲಿಗೆ ಶಕ್ತಿ ಹೋಗುವ ದೊಡ್ಡ ಗಾಡಿ ಕೊಡಿಸಿದ್ದಾನೆ. ಮೂರನೆಯದಕ್ಕೆ ವಿಮೆ ಕಟ್ಟಲು ಜೇಬಿಲ್ಲ, ನಿಲ್ಲಿಸಲು ಜಾಗವಿಲ್ಲ.

ಮೊದಲ ದಿನ ನಾನು ನೋಡಿದ್ದು ಎಂಜಿನನ್ನಲ್ಲ, ಟಯರುಗಳನ್ನು. ಬೇಸಗೆಯ ಅಗಲವಾದ ಟಯರುಗಳು ಗ್ಯಾರೇಜಿನ ಮೂಲೆಯಲ್ಲಿ ಒಂದರ ಮೇಲೊಂದು ಮಲಗಿದ್ದವು. ಅವುಗಳ ರಬ್ಬರು ಸುಮಾರು ಏಳು ಡಿಗ್ರಿ ಸೆಂಟಿಗ್ರೇಡಿನ ಕೆಳಗೆ ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಇನ್ನೂ ಚಳಿಯೇರಿದರೆ ಬಿರುಕು ಬಿಡುವುದೂ ಉಂಟು. ಕಾರಿಗಿದ್ದವು ಬೇರೆ ನಾಲ್ಕು: ತುಸು ಕಿರಿದು, ಮೈತುಂಬ ಚಾಕುವಿನಿಂದ ಗೀರಿದಂತೆ ಸಣ್ಣ ಸೀಳುಗಳು, ಪಕ್ಕದಲ್ಲಿ ಮೂರು ಶಿಖರದ ಬೆಟ್ಟವೂ ಅದರೊಳಗೊಂದು ಹಿಮದ ಹರಳೂ ಇರುವ ಗುರುತು. ಈ ರಬ್ಬರು ಚಳಿಯಲ್ಲೂ ಮೆತ್ತಗಿರುತ್ತದೆ. ಸೀಳುಗಳು ಹಿಮವನ್ನು ಕಚ್ಚುತ್ತವೆ. ಕಿರಿದಾದ ಟಯರು ಹಿಮದ ಮೇಲೆ ತೇಲದೆ ಕತ್ತರಿಸಿಕೊಂಡು ಇಳಿಯುತ್ತದೆ. ಇಂಥ ಟಯರನ್ನು ಮೊದಲು ಮಾಡಿದವರು ಫಿನ್ಲೆಂಡಿನವರು. ೧೯೩೪ರಲ್ಲಿ ಲಾರಿಗಳಿಗೆ, ಎರಡು ವರ್ಷದ ಮೇಲೆ ಕಾರುಗಳಿಗೆ. ನಾವೆಲ್ಲ ಒಂದು ಕಾಲಕ್ಕೆ ಕಿಸೆಯಲ್ಲಿಟ್ಟುಕೊಂಡಿದ್ದ ನೋಕಿಯಾ ಫೋನಿನ ಮನೆತನವೇ ಅದು. ಕೆನಡದ ಕ್ವಿಬೆಕ್ ಪ್ರಾಂತದಲ್ಲಿ ೨೦೦೮ರಿಂದ ಚಳಿಗಾಲದ ಟಯರು ಕಡ್ಡಾಯ. ನ್ಯೂಯಾರ್ಕ್ ರಾಜ್ಯದಲ್ಲಿ ಹಾಗಿಲ್ಲ. ಅವರವರ ವಿವೇಕಕ್ಕೆ ಬಿಟ್ಟದ್ದು. ಆ ವಿವೇಕ ಎಲ್ಲರಲ್ಲೂ ಸಮನಾಗಿಲ್ಲವೆಂಬುದನ್ನು ದಾರಿಯ ಪಕ್ಕದ ಹಳ್ಳಗಳಲ್ಲಿ ಕಂಡೆ. ಅಲ್ಲಿ ಮುಗ್ಗರಿಸಿ ಬಿದ್ದಿದ್ದವುಗಳಲ್ಲಿ ನಾಲ್ಕು ಗಾಲಿಯ ಶಕ್ತಿಯ ಎತ್ತರದ ಗಾಡಿಗಳೇ ಹೆಚ್ಚು. ನಾಲ್ಕು ಗಾಲಿಗೆ ಶಕ್ತಿಯಿದ್ದರೆ ಹೊರಡುವುದು ಸುಲಭ. ನಿಲ್ಲುವುದಕ್ಕೆ ಅದರಿಂದ ಏನೂ ಉಪಯೋಗವಿಲ್ಲ. ಬ್ರೇಕು ಎಲ್ಲ ಕಾರಿಗೂ ನಾಲ್ಕೇ ಗಾಲಿಗೆ.

ಬೆಳಿಗ್ಗೆ ಆರೂವರೆಗೆ, ಇನ್ನೂ ಕತ್ತಲೆಯಲ್ಲೇ, ಅಳಿಯ ಹೊರಡುತ್ತಾನೆ. ಮೊದಲು ಸಲಿಕೆ. ಮನೆಯ ಮುಂದಿನ ದಾರಿಯನ್ನು ತೋಡಿ, ಕಾರಿನ ಚಾವಣಿಯ ಹಿಮವನ್ನೂ ಗುಡಿಸಿ ತೆಗೆಯಬೇಕು. ಇಲ್ಲವಾದರೆ ಬ್ರೇಕು ಒತ್ತಿದಾಗ ಅದು ಗಾಜಿನ ಮೇಲೆಯೇ ಜಾರಿಬೀಳುತ್ತದೆ. ಡಿಕ್ಕಿಯಲ್ಲಿ, ಹಿಂದಿನ ಅಚ್ಚಿನ ನೇರಕ್ಕೆ, ಎರಡು ಮೂಟೆ ಮರಳನ್ನು ಹಗ್ಗದಿಂದ ಬಿಗಿದು ಕಟ್ಟಿದ್ದಾನೆ. ಇದು ಅಲ್ಲಿಯ ಹಳಬರ ಉಪಾಯ: ನೂಕುವ ಗಾಲಿಗೆ ಭಾರವಾಯಿತು, ಗಾಲಿ ಸಿಕ್ಕಿಕೊಂಡರೆ ಕೆಳಗೆ ಎರಚಲೂ ಆಯಿತು. ಒಳ್ಳೆಯ ಟಯರಿದ್ದರೆ ಮರಳು ಅಷ್ಟೊಂದು ಬೇಕಿಲ್ಲವೆನ್ನುವವರೂ ಇದ್ದಾರೆ. ನನಗಂತೂ ಆ ಮೂಟೆಗಳನ್ನು ಕಂಡು ಧೈರ್ಯವಾಯಿತು. ಅದರ ಪಕ್ಕದಲ್ಲಿ ಎರಡು ಕಂಬಳಿ, ಮಡಿಸುವ ಸಲಿಕೆ, ಟಾರ್ಚು, ನೀರು, ಒಂದು ಡಬ್ಬಿ ಚಕ್ಕುಲಿ. ಚಕ್ಕುಲಿ ಅಕ್ಕ ಕಳಿಸಿದ್ದು.

ಹೊರಡುವುದು ಎರಡನೆಯ ಗೇರಿನಲ್ಲಿ. ಮೊದಲನೆಯದರಲ್ಲಿ ಎಂಜಿನಿನ ಬಲ ಒಮ್ಮೆಗೇ ಬಂದು ಗಾಲಿ ಸುತ್ತುತ್ತದೆ. ಹಿಮಕ್ಕೆಂದೇ ಒಂದು ಗುಂಡಿಯಿದೆ. ಅದನ್ನು ಒತ್ತಿದರೆ ಕಾಲು ಎಷ್ಟು ಒತ್ತಿದರೂ ಎಂಜಿನು ಸಾವಧಾನವಾಗಿ ಕೇಳುತ್ತದೆ. ಒಂದೇ ಗಾಲಿ ಜಾರಿ ಶಕ್ತಿಯನ್ನೆಲ್ಲ ಪೋಲು ಮಾಡದಂತೆ ಇನ್ನೊಂದಕ್ಕೂ ಹಂಚುವ ಡಿಫರೆನ್ಷಿಯಲ್ ಇದೆ. ಇವೆಲ್ಲಕ್ಕಿಂತ ಮುಖ್ಯವಾದುದು ಅಳಿಯನ ಪಾದ. ಹಾಲು ಉಕ್ಕುವ ಮುನ್ನ ಒಲೆಯ ಉರಿ ತಗ್ಗಿಸುವವರ ಕೈಯಂತೆ ಅದು ನಡೆದುಕೊಳ್ಳುತ್ತಿತ್ತು. ಗೇರು ಇಳಿಸುವಾಗಲೂ ಕ್ಲಚ್ಚನ್ನು ಥಟ್ಟನೆ ಬಿಡುವುದಿಲ್ಲ. ಬಿಟ್ಟರೆ ಎಂಜಿನಿನ ಎಳೆತ ಹಿಂಗಾಲಿಗೆ ಮಾತ್ರ ತಗಲಿ, ಕೈಬ್ರೇಕು ಎಳೆದಂತಾಗಿ ಬಾಲ ಹಾರುತ್ತದೆ. ಚಳಿ ಹೆಚ್ಚಿದಷ್ಟೂ ಜಾರಿಕೆ ಹೆಚ್ಚೆಂದು ನಮಗೆ ತೋರುವುದು ಸಹಜ. ವಾಸ್ತವದಲ್ಲಿ ಸೊನ್ನೆಯ ಆಸುಪಾಸಿನಲ್ಲಿ, ಮಂಜುಗಡ್ಡೆಯ ಮೇಲೆ ನೀರಿನ ಪೊರೆ ಇರುವಾಗಲೇ ಹೆಚ್ಚು ಅಪಾಯ. ಕೆಳಗೆ ಭೂಮಿಯ ಬಿಸಿಯಿಲ್ಲದ ಸೇತುವೆಗಳು ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತವೆ. ಸೇತುವೆ ಬರುವ ಮೊದಲೇ ಅವನು ಮಾತು ನಿಲ್ಲಿಸುತ್ತಿದ್ದ.

ಒಂದು ಭಾನುವಾರ ನನ್ನನ್ನು ಪರಿಚಯದವರ ಗೋದಾಮಿನ ಅಂಗಳಕ್ಕೆ ಕರೆದುಕೊಂಡು ಹೋದ. ಕಂಬವಿಲ್ಲ, ಜನವಿಲ್ಲ, ಮೂರು ಎಕರೆ ಬಿಳುಪು. ಪ್ರತಿ ವರ್ಷ ಮೊದಲ ಹಿಮಕ್ಕೆ, ಅಂಗಳದ ಯಜಮಾನರ ಒಪ್ಪಿಗೆ ಪಡೆದು, ಇಲ್ಲಿ ಒಂದು ಗಂಟೆ ಅಭ್ಯಾಸ ಮಾಡುತ್ತಾನಂತೆ. "ಹಿಡಿದುಕೊಳ್ಳಿ ಮಾವಾ" ಎಂದು ತಿರುವಿನಲ್ಲಿ ಬೇಕೆಂದೇ ಒತ್ತಿದ. ಬಾಲ ಜಾರತೊಡಗಿತು, ಅಷ್ಟರಲ್ಲಿ ಕಾರಿನ ಯಂತ್ರಬುದ್ಧಿ ತಾನೇ ಒಂದು ಗಾಲಿಗೆ ಬ್ರೇಕು ಹಾಕಿ ನೆಟ್ಟಗೆ ಮಾಡಿತು. ಅಮೆರಿಕದಲ್ಲಿ ೨೦೧೨ರ ಮಾದರಿಯಿಂದ ಎಲ್ಲ ಹೊಸ ಕಾರಿಗೂ ಈ ಏರ್ಪಾಡು ಕಡ್ಡಾಯ. ಆಮೇಲೆ ಅದನ್ನು ಆರಿಸಿ ಮತ್ತೆ ಒತ್ತಿದ. ಈ ಸಲ ಕಿಟಕಿಯಲ್ಲಿದ್ದ ಗೋದಾಮು ಮುಂದಿನ ಗಾಜಿಗೆ ಬಂತು, ಅಲ್ಲಿಂದ ಇನ್ನೊಂದು ಕಿಟಕಿಗೆ. ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಅವನು ಬ್ರೇಕು ಮುಟ್ಟಲಿಲ್ಲ. ಕಾಲನ್ನು ಮೆಲ್ಲಗೆ ಎತ್ತಿ, ಬಾಲ ಹೋದ ಕಡೆಗೇ ಚಕ್ರ ತಿರುಗಿಸಿ, ತಾನು ಹೋಗಬೇಕಾದ ಕಡೆಗೆ ನೋಡುತ್ತ ಕೂತ. ಕಾರು ಎರಡು ಸಲ ತಲೆಯಾಡಿಸಿ ಸಾಲಿಗೆ ಬಂತು. ನಾನು ಪರೀಕ್ಷಿಸಿದ ನೂರಾರು ಅಪಘಾತಗಳಲ್ಲಿ, ಮಳೆಯ ರಸ್ತೆಯಲ್ಲಿ ಗಾಬರಿಯಿಂದ ಬ್ರೇಕು ತುಳಿದದ್ದೇ ಕಾರಣವಾದವು ಎಷ್ಟಿದ್ದವೋ! ಆ ಚಾಲಕರಿಗೆ ಇಂಥದೊಂದು ಅಂಗಳ ಸಿಕ್ಕಿರಲಿಲ್ಲ.

ಕಾರಿಗೆ ಹಿಮಕ್ಕಿಂತ ದೊಡ್ಡ ಶತ್ರು ಉಪ್ಪು. ರಸ್ತೆಗೆ ಉಪ್ಪು ಎರಚಿದರೆ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ; ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗಿಳಿದ ಮೇಲೆ ಮಾತ್ರ ಅದರ ಆಟ ಬಹುಮಟ್ಟಿಗೆ ನಿಲ್ಲುತ್ತದೆ. ಬಫಲೋದಿಂದ ಆಗ್ನೇಯಕ್ಕೆ ಲಿವಿಂಗ್‌ಸ್ಟನ್ ಜಿಲ್ಲೆಯಲ್ಲಿ ನೆಲದಡಿಯ ದೊಡ್ಡ ಉಪ್ಪಿನ ಗಣಿಯೇ ಇದೆ. ನಲವತ್ತು ಕೋಟಿ ವರ್ಷಕ್ಕೂ ಹಿಂದೆ ಬತ್ತಿಹೋದ ಕಡಲಿನ ಉಪ್ಪು ಅದು. ಗೋಕರ್ಣದ ಪಕ್ಕದ ಸಾಣಿಕಟ್ಟೆಯಲ್ಲಿ ಬಿಸಿಲಿಗೆ ನೀರು ಒಣಗಿಸಿ ಉಪ್ಪು ತೆಗೆಯುವುದನ್ನು ನೋಡಿ ಬೆಳೆದ ನನಗೆ, ಗಂಜಿಗೆ ಹಾಕಬೇಕಾದ ವಸ್ತುವನ್ನು ಲಾರಿಗಟ್ಟಲೆ ಬೀದಿಗೆ ಸುರಿಯುವುದನ್ನು ಕಂಡು ಹೊಟ್ಟೆ ಉರಿಯಿತೆಂದೇ ಹೇಳಬೇಕು. ಆ ಉಪ್ಪುನೀರು ಕಾರಿನ ಅಡಿಗೆ ಸಿಡಿದು ತಗಡನ್ನು ತಿನ್ನುತ್ತದೆ. ವಾರಕ್ಕೊಮ್ಮೆ ಅಡಿಭಾಗಕ್ಕೆ ನೀರು ಚಿಮ್ಮಿಸಿ ತೊಳೆಸುತ್ತಾನೆ, ಶರತ್ಕಾಲದಲ್ಲಿ ಎಣ್ಣೆ ಹೊಡೆಸುತ್ತಾನೆ. ನಾನು ಗ್ಯಾರೇಜಿನಲ್ಲಿ ಹಳೆಯ ಅಭ್ಯಾಸದಂತೆ ಅಂಗಾತ ಮಲಗಿ ಟಾರ್ಚು ಬಿಟ್ಟು ನೋಡಿದೆ. ಅಲ್ಲಲ್ಲಿ ಕಂದು ಕಲೆ, ಎರಡು ಬೋಲ್ಟು ಸವೆದಿವೆ, ಉಳಿದದ್ದು ಗಟ್ಟಿ. ಆದರೆ ಮಾರುವ ದಿನ ಬೆಲೆ ತಗ್ಗುವುದು ಖಂಡಿತ.

ನಾನು ಅಷ್ಟು ದೂರ ಹೋದುದಕ್ಕೆ ತಕ್ಕ ವಿಷಯ ಗೊತ್ತಾದದ್ದು ಆ ಗ್ಯಾರೇಜಿನಲ್ಲೇ. ನೆಲದಿಂದ ಎದ್ದು ಕೈ ಒರೆಸಿಕೊಳ್ಳುತ್ತ, "ನೀನು ಹೆದರಿದ್ದುಂಟೋ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಓಡಿಸದೆ ಇದ್ದ ದಿನ" ಎಂದ.

ಅದು ೨೦೨೨ರ ಡಿಸೆಂಬರ್ ೨೩, ಶುಕ್ರವಾರ. ಅವನ ಹೆಂಡತಿ ನಗರದೊಳಗಿನ ಆಸ್ಪತ್ರೆಯೊಂದರಲ್ಲಿ ನರ್ಸು. ಗುರುವಾರ ರಾತ್ರಿಯ ಪಾಳಿಗೆ ತನ್ನ ದೊಡ್ಡ ಗಾಡಿಯಲ್ಲಿ ಹೋಗಿದ್ದಳು. ಬೆಳಗಾಗುತ್ತಲೇ ಸರೋವರದ ಕಡೆಯಿಂದ ಬಿರುಗಾಳಿ ಎದ್ದಿತು. ಒಂಬತ್ತೂವರೆಗೆ ಜಿಲ್ಲೆಯ ಆಡಳಿತ ವಾಹನ ಸಂಚಾರವನ್ನೇ ನಿಷೇಧಿಸಿತು. ಬದಲಿಗೆ ಬರಬೇಕಾದ ನರ್ಸುಗಳು ಬರಲಿಲ್ಲ. ಅವಳು ಅಲ್ಲೇ ಉಳಿದಳು. ಮನೆಯಲ್ಲಿ ಅಳಿಯನೂ ನಾಲ್ಕು ವರ್ಷದ ಮಗುವೂ. ಮಧ್ಯಾಹ್ನ ಅವಳ ಫೋನು ಬಂತು: ಹದಿನೆಂಟು ಗಂಟೆಯಿಂದ ನಿಂತೇ ಇದ್ದಾಳೆ, ಧ್ವನಿ ಒಡೆದಿದೆ. ಇವನಿಗೆ ತಡೆಯಲಾಗಲಿಲ್ಲ. ಹದಿಮೂರು ಮೈಲಿ. ಹೊಸ ಟಯರು, ಮರಳು, ಕಂಬಳಿ, ಎಲ್ಲ ಇದೆ. ಮಗುವನ್ನು ಪಕ್ಕದ ಮನೆಗೆ ಒಪ್ಪಿಸುವುದೆಂದು ಗೊತ್ತುಮಾಡಿ, ಗ್ಯಾರೇಜಿನ ಬಾಗಿಲು ಎತ್ತಿ ಎಂಜಿನು ಚಾಲೂ ಮಾಡಿದ.

"ಬಾಗಿಲು ಎತ್ತಿದರೆ ಆಚೆ ಏನೂ ಇರಲಿಲ್ಲ ಮಾವಾ. ರಸ್ತೆ ಇಲ್ಲ, ಎದುರು ಮನೆ ಇಲ್ಲ. ಇಪ್ಪತ್ತಡಿ ದೂರದ ನಮ್ಮದೇ ಅಂಚೆಪೆಟ್ಟಿಗೆ ಇಲ್ಲ. ಬಿಳಿ ಗೋಡೆ."

ಹೆಂಡತಿಗೆ ಬರುತ್ತೇನೆಂದು ಹೇಳಿದ. ಅವಳು, "ನೀನು ಹೊರಟರೆ ನಿನ್ನನ್ನೂ ಇಲ್ಲಿಗೇ ಸ್ಟ್ರೆಚರಿನ ಮೇಲೆ ತರುತ್ತಾರೆ. ತರಲು ಗಾಡಿ ಸಿಕ್ಕಿದರೆ" ಎಂದಳಂತೆ. ಇವನು ಎಂಜಿನು ಆರಿಸಿದ.

ಆ ಮಾತು ಉತ್ಪ್ರೇಕ್ಷೆಯಲ್ಲ. ಆ ಬಿರುಗಾಳಿ ವಿಮಾನ ನಿಲ್ದಾಣದ ಲೆಕ್ಕದಂತೆ ಎಡೆಬಿಡದೆ ೩೭ ಗಂಟೆ ಬೀಸಿತು. ನಾಲ್ಕಡಿಗೂ ಮಿಕ್ಕಿ ಹಿಮ ಬಿತ್ತು. ಅಗ್ನಿಶಾಮಕ ದಳದ ಗಾಡಿಗಳೇ ಬೀದಿಗಳಲ್ಲಿ ಹೂತುಹೋದವು. ಆ ಜಿಲ್ಲೆಯೊಂದರಲ್ಲೇ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಕೆಲವರು ಸಿಕ್ಕಿಬಿದ್ದ ತಮ್ಮ ಕಾರುಗಳಲ್ಲೇ. ೧೯೭೭ರ ಜನವರಿಯ ಕೊನೆಗೆ ಬಂದಿದ್ದ ಹೆಸರಾಂತ ಬಿರುಗಾಳಿಯಲ್ಲೂ ಹೀಗೆಯೇ ಆಗಿತ್ತು. ಆಗ ಹೊಸ ಹಿಮ ಬಿದ್ದದ್ದು ಒಂದಡಿಯಷ್ಟೇ. ಹೆಪ್ಪುಗಟ್ಟಿದ ಸರೋವರದ ಮೇಲೆ ವಾರಗಟ್ಟಲೆ ಕೂಡಿಬಿದ್ದಿದ್ದ ಹಿಮವನ್ನು ಗಾಳಿ ಹೊತ್ತು ತಂದು ಊರಿನ ಮೇಲೆ ಸುರಿಯಿತು. ಅಂಥ ಹೊತ್ತಿನಲ್ಲಿ ಕಾರಿನ ಹೊಗೆಕೊಳವೆ ಹಿಮದಲ್ಲಿ ಮುಚ್ಚಿಹೋದರೆ ವಿಷಗಾಳಿ ಒಳಗೇ ತುಂಬುತ್ತದೆ. ಬಿಸಿಗಾಗಿ ಎಂಜಿನು ನಡೆಸುವುದೇ ಮೃತ್ಯುವಾಗುತ್ತದೆ. ಅಲ್ಲಿ ಹಿಂಗಾಲಿ, ಮುಂಗಾಲಿ, ನಾಲ್ಕು ಗಾಲಿ ಎಂಬ ಭೇದವಿಲ್ಲ.

ಹುಡುಗಿ ಐದನೆಯ ದಿನ, ಹಿಮ ಸರಿಸುವ ಯಂತ್ರದ ಹಿಂದೆ ಆಸ್ಪತ್ರೆಯವರು ಕಳಿಸಿದ ವಾಹನದಲ್ಲಿ ಮನೆಗೆ ಬಂದಳು. ಅವಳ ದೊಡ್ಡ ಗಾಡಿ ಆಸ್ಪತ್ರೆಯ ಅಂಗಳದಲ್ಲಿ ಹಿಮದ ದಿಬ್ಬವಾಗಿತ್ತು. ಅಂದಿನಿಂದ ಇವರ ಮನೆಯಲ್ಲೊಂದು ಕಟ್ಟಳೆ. ಕೆಂಪು ಕಾರಿನ ಹೊಟ್ಟೆ ನೆಲದಿಂದ ಐದು ಅಂಗುಲಕ್ಕೆ ಸ್ವಲ್ಪ ಮೇಲೆ. ರಸ್ತೆಯ ಹಿಮ ಅದಕ್ಕಿಂತ ಹೆಚ್ಚಿದ್ದರೆ ಹೊರಡುವಂತಿಲ್ಲ. ಬೀದಿಯ ಕೊನೆಯ ದೀಪದ ಕಂಬ ಕಾಣದಿದ್ದರೆ ಹೊರಡುವಂತಿಲ್ಲ. ಪೆಟ್ರೋಲು ಅರ್ಧಕ್ಕಿಂತ ಕೆಳಗಿಳಿಯುವಂತಿಲ್ಲ. ನಾನಿದ್ದ ಐದು ವಾರದಲ್ಲಿ ನಾಲ್ಕು ದಿನ ಅವನು ಮನೆಯಿಂದಲೇ ಕೆಲಸ ಮಾಡಿದ.

"ಅಮ್ಮನಿಗೆ ಹೇಳಬೇಡಿ" ಎಂದಿದ್ದ. ಆದರೆ ಅಕ್ಕ ಈ ಪತ್ರಿಕೆಯನ್ನು ತಪ್ಪದೆ ಓದುತ್ತಾಳೆ. ಹೀಗಿರಲಾಗಿ, ಬರೆಯುವ ಮೊದಲು ಅವನನ್ನು ಒಪ್ಪಿಸಿ, ಕುಮಟೆಗೆ ನಾನೇ ಹೋಗಿ ಹೇಳಿದೆ. ಟಯರು, ಮರಳಿನ ಮೂಟೆ, ಅಂಗಳದ ಅಭ್ಯಾಸ, ಎಲ್ಲವನ್ನೂ ಹೇಳಿ, ಮಾರಿಸಬೇಕೆಂದು ನನಗೆ ತೋರಲಿಲ್ಲ ಎಂದೆ. ಆಮೇಲೆ ಆ ಶುಕ್ರವಾರದ ಕಥೆ. ಅಕ್ಕ ಬಾಳೆಲೆ ಒರೆಸುತ್ತಿದ್ದ ಕೈ ನಿಲ್ಲಿಸಿದಳು. ಬಯ್ಯುವಳೆಂದುಕೊಂಡೆ.

"ಅಷ್ಟೊತ್ತು ಮಗು ಏನು ಮಾಡ್ತಿತ್ತು?" ಎಂದು ಕೇಳಿದಳು.

ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತು ಅಪ್ಪನನ್ನು ನೋಡುತ್ತಿತ್ತು ಎಂದೆ. ಅಕ್ಕ ಮತ್ತೇನೂ ಕೇಳಲಿಲ್ಲ. ಮುಂದಿನ ಭಾನುವಾರದ ಫೋನಿನಲ್ಲಿ ಕಾರು ಮಾರುವ ಮಾತು ಬರಲಿಲ್ಲವಂತೆ. ಡಿಕ್ಕಿಯ ಚಕ್ಕುಲಿ ಮುಗಿಯಿತೇ ಎಂದು ಮಾತ್ರ ವಿಚಾರಿಸಿದಳಂತೆ.

ಏಪ್ರಿಲ್ ಮೊದಲ ವಾರ ಅಳಿಯ ಬೇಸಗೆಯ ಟಯರು ಹಾಕಿಸಿದ. ನಾಲ್ಕನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಮೂರು ಅಂಗುಲ ಹಿಮ. ಅಂದು ಬಸ್ಸು ಹಿಡಿದು, ಎರಡು ಕಡೆ ಬದಲಾಯಿಸಿ, ಕಚೇರಿ ಮುಟ್ಟುವಾಗ ಹತ್ತೂವರೆಯಾಗಿತ್ತಂತೆ.